ಮದುವೆ ಫೋಟೋಗ್ರಫಿಗೆ ಡಾರ್ಕ್‌ಟೇಬಲ್ + ಗಿಂಪ್: ಚರ್ಮದ ಬಣ್ಣ, ವೇಗ, ಆಲ್ಬಂ ಪ್ರಿಂಟ್ ಬಗ್ಗೆ ಪ್ರಶ್ನೆಗಳು

ಹೊಸಬೆಳಕು (ಪ್ರಶ್ನೆ)

ತಿಂಗಳ ಚಂದಾ ಕಟ್ಟುವ ಸಾಫ್ಟ್‌ವೇರ್ ಬಿಟ್ಟು ಮದುವೆ ಕೆಲಸವನ್ನು ಪೂರ್ತಿ ಓಪನ್ ಸೋರ್ಸ್‌ಗೆ ತರಬೇಕು ಅಂತ ಯೋಚನೆ: ರಾ ಫೈಲು (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲು) ತಿದ್ದಲು ಡಾರ್ಕ್‌ಟೇಬಲ್, ರಿಟಚ್ ಮತ್ತು ವಿನ್ಯಾಸಕ್ಕೆ ಗಿಂಪ್. ಕ್ಯಾಮೆರಾ ನಿಕಾನ್ ಝಡ್6 II, ಎರಡನೆಯದು ಝಡ್8. ಲ್ಯಾಪ್‌ಟಾಪ್‌ನಲ್ಲಿ 16 ಜಿಬಿ ರ್‍ಯಾಮ್, 4 ಜಿಬಿ ಎನ್‌ವಿಡಿಯಾ ಕಾರ್ಡ್, ಉಬುಂಟು 24.04. ಒಂದು ಮದುವೆಗೆ 1500ರಿಂದ 2000 ರಾ ಫೈಲು, ಅದರಲ್ಲಿ ಆಲ್ಬಂಗೆ ಹೋಗುವುದು 250 ಚಿಲ್ಲರೆ. ಆಲ್ಬಂ 12×36 ಇಂಚು.

ಸಿಕ್ಕಿಕೊಂಡಿರುವುದು ಇಲ್ಲಿ:

1. ಡಾರ್ಕ್‌ಟೇಬಲ್‌ನಲ್ಲಿ ತೆರೆದ ತಕ್ಷಣ ಫೋಟೋ ಸಪ್ಪೆ. ಕ್ಯಾಮೆರಾದ ಹಿಂಬದಿ ಪರದೆಯಲ್ಲಿ ಕಂಡದ್ದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.
2. ಕಲ್ಯಾಣ ಮಂಟಪದ ಹಳದಿ ದೀಪ, ವಿಡಿಯೋದವರ ಬಿಳಿ ಎಲ್ಇಡಿ, ಆರತಕ್ಷತೆಯ ವೇದಿಕೆಯಲ್ಲಿ ನೀಲಿ-ನೇರಳೆ ಪಾರ್ ಲೈಟು (ಬಣ್ಣದ ವೇದಿಕೆ ದೀಪ). ಮುಖದ ಬಣ್ಣ ಒಂದು ಫೋಟೋದಿಂದ ಇನ್ನೊಂದಕ್ಕೆ ಹಾರುತ್ತದೆ.
3. ಝಡ್8ರ ಕೆಲವು ಫೈಲು ತೆರೆಯುವುದೇ ಇಲ್ಲ.
4. ಲ್ಯಾಬ್‌ನಿಂದ ಬಂದ ಪ್ರಿಂಟು ಪರದೆಯಲ್ಲಿ ಇದ್ದದ್ದಕ್ಕಿಂತ ಕತ್ತಲು.
5. ಪಿಎಸ್‌ಡಿ (ಫೋಟೋಶಾಪ್ ಫೈಲು) ಟೆಂಪ್ಲೇಟು ಮತ್ತು ಕನ್ನಡ ಅಕ್ಷರ ಗಿಂಪ್‌ನಲ್ಲಿ ಸರಿಯಾಗಿ ಬರುತ್ತವೆಯೇ?

"ಲೈಟ್‌ರೂಮೇ ವಾಸಿ" ಅನ್ನುವ ಉತ್ತರ ಗೊತ್ತಿದೆ, ಅದು ಬೇಡ.

---

ಕತ್ತಲಕೋಣೆ

ಮೊದಲು ಮೂರನೆಯದನ್ನು ಮುಗಿಸೋಣ, ಅದು ಸಣ್ಣದು. ಝಡ್8ರಲ್ಲಿ ರಾ ರೆಕಾರ್ಡಿಂಗ್ ಆಯ್ಕೆ ಹೈ ಎಫಿಶಿಯೆನ್ಸಿ ಅಥವಾ ಹೈ ಎಫಿಶಿಯೆನ್ಸಿ ಸ್ಟಾರ್ ಇದ್ದರೆ ಡಾರ್ಕ್‌ಟೇಬಲ್ ತೆರೆಯುವುದಿಲ್ಲ. ಆ ಸಂಕೋಚನ ಬೇರೆ ಕಂಪನಿಯ ಪೇಟೆಂಟ್ ತಂತ್ರ. ಮೆನುವಿನಲ್ಲಿ ಲಾಸ್‌ಲೆಸ್ ಕಂಪ್ರೆಸ್ಡ್ ಆರಿಸಿ. ಕಾರ್ಡಿನಲ್ಲಿ ಜಾಗ ಹೆಚ್ಚು ಹಿಡಿಯುತ್ತದೆ, ಬೇರೆ ನಷ್ಟವಿಲ್ಲ. ಈಗಾಗಲೇ ತೆಗೆದ ಫೈಲುಗಳನ್ನು ಅಡೋಬಿಯ ಉಚಿತ ಡಿಎನ್‌ಜಿ ಕನ್ವರ್ಟರ್‌ನಿಂದ ಬದಲಿಸಿಕೊಳ್ಳಿ. ಅದು ವಿಂಡೋಸ್ ಮತ್ತು ಮ್ಯಾಕ್‌ಗೆ ಮಾತ್ರ ಸಿಗುತ್ತದೆ, ಅಷ್ಟು ಕೆಲಸಕ್ಕೆ ಯಾರದ್ದಾದರೂ ಕಂಪ್ಯೂಟರ್ ಸಾಲ ಕೇಳಿ.

ಇನ್ನು ಸಪ್ಪೆಯ ವಿಷಯ. ಲೈಟ್‌ಟೇಬಲ್‌ನಲ್ಲಿ (ಡಾರ್ಕ್‌ಟೇಬಲ್‌ನಲ್ಲಿ ಫೋಟೋಗಳ ಪಟ್ಟಿ ಕಾಣುವ ಕಡೆ) ಮೊದಲು ಕಾಣುವುದು ರಾ ಫೈಲಿನ ಒಳಗೆ ಕ್ಯಾಮೆರಾ ಹುದುಗಿಸಿಟ್ಟ ಜೆಪೆಗ್. ಅದಕ್ಕೆ ಪಿಕ್ಚರ್ ಕಂಟ್ರೋಲ್‌ನ (ನಿಕಾನ್‌ನ ಬಣ್ಣದ ಸೆಟ್ಟಿಂಗ್) ಕಾಂಟ್ರಾಸ್ಟು, ಬಣ್ಣ, ಶಾರ್ಪ್‌ನೆಸ್ ಎಲ್ಲ ಹಚ್ಚಿರುತ್ತದೆ. ಡಾರ್ಕ್‌ರೂಮ್‌ಗೆ (ಎಡಿಟಿಂಗ್ ಮಾಡುವ ಕಡೆಗೆ) ಹೋದ ಕ್ಷಣ ಅದೆಲ್ಲ ಹೋಗಿ ಸೆನ್ಸರ್‌ನ ಮಾಹಿತಿ ಮಾತ್ರ ಉಳಿಯುತ್ತದೆ. ಇದರ ಜೊತೆಗೆ ನಿಕಾನ್‌ನಲ್ಲಿ ಆಕ್ಟಿವ್ ಡಿ-ಲೈಟಿಂಗ್ ಆನ್ ಇದ್ದರೆ ಕ್ಯಾಮೆರಾ ಗುಟ್ಟಾಗಿ ಎಕ್ಸ್‌ಪೋಶರ್ ಇಳಿಸಿ, ಜೆಪೆಗ್‌ನಲ್ಲಿ ಮಾತ್ರ ನೆರಳನ್ನು ಎತ್ತಿ ತೋರಿಸುತ್ತದೆ. ರಾ ಕತ್ತಲಾಗಿಯೇ ಇರುತ್ತದೆ. ಅದನ್ನು ಆಫ್ ಮಾಡಿ, ಅರ್ಧ ದೂರು ಅಲ್ಲೇ ಮುಗಿಯುತ್ತದೆ.

ಉಬುಂಟು 24.04ರ ಸ್ವಂತ ಭಂಡಾರದಲ್ಲಿರುವುದು ಡಾರ್ಕ್‌ಟೇಬಲ್ 4.6. ಅದನ್ನು ತೆಗೆದು ಆಪ್‌ಇಮೇಜ್ ಅಥವಾ ಫ್ಲಾಟ್‌ಪ್ಯಾಕ್‌ನಿಂದ 5.0 ಅಥವಾ ಅದರ ನಂತರದ್ದನ್ನು ಹಾಕಿಕೊಳ್ಳಿ. 2024ರ ಡಿಸೆಂಬರ್‌ನಲ್ಲಿ ಬಂದ 5.0ರಲ್ಲಿ 500ಕ್ಕೂ ಹೆಚ್ಚು ಕ್ಯಾಮೆರಾ ಮಾದರಿಗಳಿಗೆ, ಜೆಪೆಗ್‌ಗೆ ಹತ್ತಿರ ಬರುವ ಸ್ಟೈಲುಗಳಿವೆ (ಒಂದೇ ಸಲ ಹಚ್ಚಬಹುದಾದ ಸಿದ್ಧ ಸೆಟ್ಟಿಂಗ್). ಅವು ಒಟ್ಟಾರೆ ಕಾಂಟ್ರಾಸ್ಟು, ಹೊಳಪು, ಬಣ್ಣದ ಗಾಢತೆಯನ್ನಷ್ಟೇ ಹೊಂದಿಸುತ್ತವೆ, ಶಾರ್ಪನಿಂಗ್, ನಾಯ್ಸ್ ಮುಟ್ಟುವುದಿಲ್ಲ. ಆರಂಭಕ್ಕೆ ಸಾಕು. ಒಂದು ಎಚ್ಚರಿಕೆ: ಹೊಸ ಆವೃತ್ತಿ ಒಮ್ಮೆ ತೆರೆದ ಡೇಟಾಬೇಸನ್ನು ಹಳೆಯದು ಮತ್ತೆ ತೆರೆಯದು. ಮದುವೆಯ ಸೀಸನ್ ನಡುವೆ ಅಪ್‌ಗ್ರೇಡ್ ಮಾಡಬೇಡಿ.

ಸ್ಟೈಲ್ ಬಿಟ್ಟು ಕೈಯಿಂದಲೇ ಮಾಡುವುದಾದರೆ ಕ್ರಮ ಹೀಗಿರಲಿ. ಪ್ರಿಫರೆನ್ಸಸ್‌ನ ಪ್ರೊಸೆಸಿಂಗ್ ವಿಭಾಗದಲ್ಲಿ ಸೀನ್-ರೆಫರ್ಡ್ ಸಿಗ್ಮಾಯ್ಡ್ ಆರಿಸಿ. ಮೊದಲು ಎಕ್ಸ್‌ಪೋಶರ್ ಮಾಡ್ಯೂಲ್ (ಒಂದೊಂದು ತಿದ್ದುವ ಉಪಕರಣಕ್ಕೆ ಇಲ್ಲಿ ಮಾಡ್ಯೂಲ್ ಅಂತ ಹೆಸರು): ಕಣ್ಣು ಮುಖದ ಮೇಲೆ ಮಾತ್ರ ಇರಲಿ, ಹಿಂದಿನ ದೀಪ, ಬಿಳಿ ಪಂಚೆ ಬೆಳ್ಳಗಾಗಿ ಹೋದರೂ ಆ ಹೊತ್ತಿಗೆ ತಲೆ ಕೆಡಿಸಿಕೊಳ್ಳಬೇಡಿ. ಪ್ರೋಗ್ರಾಂ ತಾನೇ +0.7 ಇವಿ ಕೊಟ್ಟಿರುತ್ತದೆ (ಒಂದು ಇವಿ ಅಥವಾ ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು). ಒಳಾಂಗಣದಲ್ಲಿ ಇನ್ನೂ ಅರ್ಧದಿಂದ ಒಂದು ಸ್ಟಾಪ್ ಬೇಕಾಗುವುದು ಸಾಮಾನ್ಯ. ಆಮೇಲೆ ಸಿಗ್ಮಾಯ್ಡ್ ಆ ಬೆಳಕನ್ನು ಮಡಚಿ ಒಳಗೆ ತರುತ್ತದೆ. ಅದರ ಕಾಂಟ್ರಾಸ್ಟ್ ಡಿಫಾಲ್ಟು 1.5, ಮುಖಗಳಿಗೆ 1.3ರಿಂದ 1.6ರ ನಡುವೆ ಎಲ್ಲೋ ನಿಲ್ಲುತ್ತದೆ. ಕೊನೆಗೆ ಕಲರ್ ಬ್ಯಾಲೆನ್ಸ್ ಆರ್‌ಜಿಬಿ ತೆರೆದು ಬೇಸಿಕ್ ಕಲರ್‌ಫುಲ್‌ನೆಸ್ ಪ್ರಿಸೆಟ್‌ಗಳಲ್ಲಿ ನ್ಯಾಚುರಲ್ ಸ್ಕಿನ್ ಒತ್ತಿ. ಸಪ್ಪೆ ಅನ್ನುವುದು ಇಷ್ಟಕ್ಕೇ ಹೋಗುತ್ತದೆ.

ಹೊಸಬರು ಮಾಡುವ ತಪ್ಪು ಒಂದೇ: ಬೇಸ್ ಕರ್ವ್, ಫಿಲ್ಮಿಕ್, ಸಿಗ್ಮಾಯ್ಡ್ ಎಲ್ಲವನ್ನೂ ಒಟ್ಟಿಗೆ ಆನ್ ಮಾಡುವುದು. ಮೂರೂ ಮಾಡುವುದು ಒಂದೇ ಕೆಲಸ, ಅಂದರೆ ದೃಶ್ಯದ ಅಗಾಧ ಬೆಳಕಿನ ವ್ಯಾಪ್ತಿಯನ್ನು ಪರದೆಯ ಚಿಕ್ಕ ವ್ಯಾಪ್ತಿಗೆ ಇಳಿಸುವುದು. ಎರಡು ಸಲ ಇಳಿಸಿದರೆ ಮುಖ ಮೇಣದ ಗೊಂಬೆ. ಒಂದೇ ಇರಲಿ.

---

ಪಿಪಿ3

ಇಷ್ಟೆಲ್ಲ ಕಸರತ್ತು ಯಾಕೆ ಅಂತ ಕೇಳುತ್ತೇನೆ. ಸಪ್ಪೆ ಮಾತ್ರವೇ ತೊಂದರೆ ಆಗಿದ್ದರೆ ರಾಥೆರಪಿಯಲ್ಲಿ (ರಾ ಫೈಲು ತಿದ್ದುವ ಇನ್ನೊಂದು ಉಚಿತ ಪ್ರೋಗ್ರಾಂ) ಒಂದೇ ಗುಂಡಿ: ಆಟೋ-ಮ್ಯಾಚ್ಡ್ ಟೋನ್ ಕರ್ವ್. ಫೈಲಿನೊಳಗಿನ ಜೆಪೆಗ್ ನೋಡಿ ಅದಕ್ಕೆ ಹೊಂದುವ ಕರ್ವನ್ನು ತಾನೇ ಲೆಕ್ಕ ಹಾಕುತ್ತದೆ. ಕ್ಯಾಮೆರಾಗೆ ತಕ್ಕ ಡಿಸಿಪಿ ಪ್ರೊಫೈಲ್ (ಆ ಕ್ಯಾಮೆರಾದ ಬಣ್ಣದ ವಿವರ ಇರುವ ಫೈಲು) ಕೊಡಬಹುದು. ರಾ ಟ್ಯಾಬ್‌ನ ಕ್ಯಾಪ್ಚರ್ ಶಾರ್ಪನಿಂಗ್ ಲೆನ್ಸಿನ ಮಬ್ಬನ್ನು ಎಷ್ಟು ಚೆನ್ನಾಗಿ ತೆಗೆಯುತ್ತದೆ ಅಂದರೆ ಬೇರೆ ಶಾರ್ಪನಿಂಗ್ ಬೇಕಾಗುವುದಿಲ್ಲ.

ಮಿತಿಯನ್ನೂ ಹೇಳಬೇಕು. ಗ್ರಾಫಿಕ್ಸ್ ಕಾರ್ಡನ್ನು ಅದು ಬಳಸುವುದೇ ಇಲ್ಲ, ಎಲ್ಲ ಕೆಲಸ ಪ್ರೊಸೆಸರ್ ಮೇಲೆ. ನಾಯ್ಸ್ ಮತ್ತು ಶಾರ್ಪನಿಂಗ್ ಪರಿಣಾಮ 100% ಝೂಮ್‌ನಲ್ಲಿ ಮಾತ್ರ ಕಾಣುತ್ತದೆ, ಅದು ಗೊತ್ತಿಲ್ಲದೆ ಸ್ಲೈಡರ್ ಎಳೆದು "ಏನೂ ಆಗ್ತಿಲ್ಲ" ಅನ್ನುವವರು ಬಹಳ. 5.9ರಿಂದ ಲೋಕಲ್ ಅಡ್ಜಸ್ಟ್‌ಮೆಂಟ್ ಬಂದಿದೆ, ಆದರೆ ಮುಖದ ಸುತ್ತ ಬೇಕಾದ ಆಕಾರ ಬರೆಯುವ ಸಲೀಸು ಡಾರ್ಕ್‌ಟೇಬಲ್‌ನಷ್ಟಿಲ್ಲ. ಒಂದೇ ಬೆಳಕಿನ ಕೆಲಸ, ಅಂದರೆ ಸ್ಟುಡಿಯೋ ಪೋರ್ಟ್ರೇಟ್, ಪ್ರಾಡಕ್ಟ್, ಲ್ಯಾಂಡ್‌ಸ್ಕೇಪ್‌ಗೆ ರಾಥೆರಪಿ. ಕಲಬೆರಕೆ ಬೆಳಕಿನ ಮಂಟಪಕ್ಕೆ ಡಾರ್ಕ್‌ಟೇಬಲ್ ಅಂತ ಒಪ್ಪಿಕೊಳ್ಳುತ್ತೇನೆ, ಮನಸ್ಸಿಲ್ಲದ ಮನಸ್ಸಿನಿಂದ.

---

ಕತ್ತಲಕೋಣೆ

ಒಪ್ಪಿದ್ದೇ ದೊಡ್ಡದು. ಈಗ ಚರ್ಮದ ಬಣ್ಣ. ಇದು ಉದ್ದ ಇದೆ, ತಾಳ್ಮೆ ಇರಲಿ.

ವೈಟ್ ಬ್ಯಾಲೆನ್ಸ್ ಹೆಸರಿನ ಮಾಡ್ಯೂಲನ್ನು ಮುಟ್ಟಬೇಡಿ, ಡಿಫಾಲ್ಟ್‌ನಲ್ಲೇ ಬಿಡಿ. ಬಣ್ಣದ ಸಮತೋಲ ಆಗಬೇಕಾದ್ದು ಕಲರ್ ಕ್ಯಾಲಿಬ್ರೇಶನ್‌ನಲ್ಲಿ. ಎರಡು ಕಡೆಯೂ ತಿದ್ದಿದರೆ ಕೆಂಪು ಎಚ್ಚರಿಕೆ ಬರುತ್ತದೆ, ಅದನ್ನು ಅಲಕ್ಷಿಸಿದರೆ ಬಣ್ಣ ಎಷ್ಟು ಎಳೆದರೂ ಸರಿಹೋಗುವುದಿಲ್ಲ. ಆ ಮಾಡ್ಯೂಲ್‌ನಲ್ಲಿ ಚಿತ್ರ ನೋಡಿ ತಾನೇ ಬೆಳಕು ಊಹಿಸುವ ಆಯ್ಕೆಗಳಿವೆ. ಅರಿಶಿನ ಶಾಸ್ತ್ರದ ಫೋಟೋಗಳಿಗೆ ಅವನ್ನು ಬಳಸಬೇಡಿ. ಚೌಕಟ್ಟಿನ ತುಂಬ ಹಳದಿ ಇದ್ದಾಗ ಬೆಳಕೇ ಹಳದಿ ಅಂದುಕೊಂಡು ಎಲ್ಲರನ್ನೂ ನೀಲಿಗಟ್ಟಿಸಿಬಿಡುತ್ತದೆ. ಕ್ಯಾಮೆರಾದ ಆಟೋ ವೈಟ್ ಬ್ಯಾಲೆನ್ಸ್ ಕೂಡ ಅದೇ ತಪ್ಪು ಮಾಡುತ್ತದೆ. ಹಾರಾಟಕ್ಕೆ ಒಂದು ಮುಖ್ಯ ಕಾರಣ ಅದೇ: ಚೌಕಟ್ಟಿನೊಳಗೆ ಕೆಂಪು ಸೀರೆ ಬಂದಾಗ ಒಂದು ಅಳತೆ, ಬಿಳಿ ಪಂಚೆ ಬಂದಾಗ ಇನ್ನೊಂದು.

ಬೆಳಕು ಬದಲಾಗದ ಒಂದು ಸರಣಿಗೆ, ಧಾರೆಯ 60 ಫೋಟೋ ಅಂದುಕೊಳ್ಳಿ, ದಾರಿ ಇದು. ಒಳ್ಳೆಯ ಒಂದು ಫೋಟೋ ಆರಿಸಿ, ಎಕ್ಸ್‌ಪೋಶರ್ ಮತ್ತು ಬಣ್ಣ ಕೈಯಿಂದ ಸರಿಮಾಡಿ. ಎಕ್ಸ್‌ಪೋಶರ್‌ನ ಏರಿಯಾ ಎಕ್ಸ್‌ಪೋಶರ್ ಮ್ಯಾಪಿಂಗ್ ತೆರೆದು, ಮೋಡ್ ಮೆಷರ್ ಇಟ್ಟು, ವಧುವಿನ ಕೆನ್ನೆಯ ಮೇಲೆ ಪಿಕರ್‌ನಿಂದ ಚೌಕ ಎಳೆಯಿರಿ. ಆ ಹೊಳಪು ಗುರಿಯಾಗಿ ನೆನಪಿನಲ್ಲಿ ಉಳಿಯುತ್ತದೆ. ಕಲರ್ ಕ್ಯಾಲಿಬ್ರೇಶನ್‌ನ ಏರಿಯಾ ಕಲರ್ ಮ್ಯಾಪಿಂಗ್‌ನಲ್ಲೂ ಹೀಗೆಯೇ ಅಳೆಯಿರಿ. ಮುಂದಿನ ಫೋಟೋದಲ್ಲಿ ಮೋಡ್ ಕರೆಕ್ಷನ್‌ಗೆ ಬದಲಿಸಿ ಅದೇ ಕೆನ್ನೆಯ ಮೇಲೆ ಚೌಕ ಎಳೆದರೆ ಬೆಳಕಿನ ಬಣ್ಣವನ್ನು ಅದು ಗುರಿಗೆ ತಕ್ಕಂತೆ ಲೆಕ್ಕ ಹಾಕಿ ಕೂರಿಸುತ್ತದೆ. ಹೊಳಪು ಮೊದಲು, ಬಣ್ಣ ಆಮೇಲೆ. ತಿರುಗುಮುರುಗಾದರೆ ಎರಡನ್ನೂ ಮತ್ತೆ ಮಾಡಬೇಕು. ಮೇಕಪ್ ಮಿಂಚುವ ಕೆನ್ನೆಮೂಳೆ ಬೇಡ, ಅದರ ಕೆಳಗೆ ಸಮವಾಗಿ ಬೆಳಕು ಬಿದ್ದ ಜಾಗ ಹಿಡಿಯಿರಿ. ವಧುವಿನ ಗುರಿಯನ್ನು ವರನ ಮುಖಕ್ಕೆ, ಅಜ್ಜಿಯ ಮುಖಕ್ಕೆ ಹಚ್ಚಬೇಡಿ. ಒಬ್ಬರ ಚರ್ಮ ಇನ್ನೊಬ್ಬರದಲ್ಲ, ಎಲ್ಲರನ್ನೂ ಒಂದೇ ಬಣ್ಣಕ್ಕೆ ಎಳೆದ ಆಲ್ಬಂಗಳು ನೋಡಿದ ಕೂಡಲೇ ಗೊತ್ತಾಗುತ್ತವೆ.

ಒಂದೇ ಚೌಕಟ್ಟಿನಲ್ಲಿ ಎರಡು ಬೆಳಕು ಇದ್ದರೆ, ಅಂದರೆ ಮುಂದೆ ವಿಡಿಯೋದ ಬಿಳಿ ಎಲ್ಇಡಿ, ಹಿಂದೆ ಹಳದಿ, ಒಂದು ತಿದ್ದುಪಡಿ ಸಾಲದು. ಕಲರ್ ಕ್ಯಾಲಿಬ್ರೇಶನ್‌ನ ಮೊದಲ ಪ್ರತಿಗೆ ಜೋಡಿಯ ಸುತ್ತ ಡ್ರಾನ್ ಮಾಸ್ಕ್ (ತಿದ್ದುಪಡಿ ಎಲ್ಲಿ ಆಗಬೇಕೆಂದು ಕೈಯಿಂದ ಬರೆಯುವ ಆಕಾರ) ಹಾಕಿ, ಅಂಚನ್ನು ಅಗಲವಾಗಿ ಮೃದುಮಾಡಿ, ಅವರ ಬೆಳಕಿಗೆ ಸರಿಮಾಡಿ. ಎರಡನೇ ಪ್ರತಿ ತೆರೆದು ಅದಕ್ಕೆ ರಾಸ್ಟರ್ ಮಾಸ್ಕ್ ಆಗಿ ಮೊದಲನೆಯದರ ಮಾಸ್ಕನ್ನೇ ಕೊಟ್ಟು ಉಲ್ಟಾ (ಇನ್ವರ್ಟ್) ಮಾಡಿ. ಈಗ ಹಿನ್ನೆಲೆ ಮಾತ್ರ ಸಿಕ್ಕಿತು. ಹಿನ್ನೆಲೆಯನ್ನು ಪೂರ್ತಿ ಬೆಳ್ಳಗೆ ಮಾಡಬೇಡಿ, ಮಂಟಪದ ಹಳದಿ ಸ್ವಲ್ಪ ಇರಲಿ. ಎಲ್ಲ ಬಿಳಿಯಾದರೆ ಮದುವೆಮನೆ ಆಸ್ಪತ್ರೆ ವಾರ್ಡಿನ ಹಾಗೆ ಕಾಣುತ್ತದೆ.

ಅಗ್ಗದ ಎಲ್ಇಡಿಯಲ್ಲಿ ಕೆಂಪು ಅಂಶ ಕಡಿಮೆ. ಮುಖ ಹಸಿರು-ಬೂದಿಯಾಗಿ ಬಂದರೆ ವೈಟ್ ಬ್ಯಾಲೆನ್ಸ್ ಒಂದರಿಂದ ಅದು ಹೋಗದು. ಅಂಥ ಕಡೆ 24 ಚೌಕದ ಕಲರ್ ಚೆಕ್ಕರ್ (ಅಳತೆಗೊತ್ತಿರುವ ಬಣ್ಣಗಳ ಚಾರ್ಟು) ಒಂದನ್ನು ಮುಖ ಇರುವ ಜಾಗದಲ್ಲೇ, ಮುಖದಷ್ಟೇ ಬೆಳಕಿನಲ್ಲಿ, ಹೊಳಪು ಹೊಡೆಯದಂತೆ ಹಿಡಿದು ಒಂದು ಫೋಟೋ ತೆಗೆದುಕೊಳ್ಳಿ. ಬಿಳಿ ಚೌಕ ಕ್ಲಿಪ್ ಆಗಿರಬಾರದು, ಅಂದರೆ ಬೆಳಕು ಹೆಚ್ಚಾಗಿ ವಿವರ ಅಳಿಸಿಹೋಗಿರಬಾರದು. ಡಾರ್ಕ್‌ಟೇಬಲ್‌ನಲ್ಲಿ ಮೊದಲು ಲೆನ್ಸ್ ಕರೆಕ್ಷನ್ ಆನ್ ಮಾಡಿ, ಇಲ್ಲವಾದರೆ ಮೂಲೆಯ ಮಬ್ಬು ಚೌಕಗಳ ಅಳತೆಯನ್ನು ಕೆಡಿಸುತ್ತದೆ. ನಂತರ ಕಲರ್ ಕ್ಯಾಲಿಬ್ರೇಶನ್‌ನ ಕೆಳಭಾಗದಲ್ಲಿ ಚೆಕ್ಕರ್ ವಿಭಾಗ ತೆರೆದು ಚಾರ್ಟಿನ ಮಾದರಿ ಆರಿಸಿ, ನಾಲ್ಕು ಮೂಲೆ ಕೂಡಿಸಿ. ಆಪ್ಟಿಮೈಸ್ ಜಾಗದಲ್ಲಿ ಸ್ಕಿನ್ ಅಂಡ್ ಸಾಯಿಲ್ ಕಲರ್ಸ್ ಕೊಡಿ. ಅದು ಎಕ್ಸ್‌ಪೋಶರ್‌ಗೂ ಬ್ಲ್ಯಾಕ್ ಲೆವೆಲ್‌ಗೂ ಒಂದೊಂದು ಸಂಖ್ಯೆ ಹೇಳುತ್ತದೆ. ಅವನ್ನು ಎಕ್ಸ್‌ಪೋಶರ್ ಮಾಡ್ಯೂಲ್‌ನಲ್ಲಿ ಬರೆದು, ಮತ್ತೊಮ್ಮೆ ಲೆಕ್ಕ ಹಾಕಿಸಿ, ಒಪ್ಪಿಗೆ ಒತ್ತಿ. ಈ ಸೆಟ್ಟಿಂಗ್ ಆ ದೀಪಕ್ಕೆ ಮಾತ್ರ ಸಲ್ಲುತ್ತದೆ, ಸಭಾಂಗಣ ಬದಲಾದರೆ ಹೊಸ ಚಾರ್ಟು.

ನೀಲಿ-ನೇರಳೆ ಪಾರ್ ಲೈಟು ಬೇರೆಯೇ ಜಾತಿ. ಆ ಬೆಳಕು ಹೆಚ್ಚುಕಡಿಮೆ ಒಂದೇ ಬಣ್ಣದ್ದು, ಮುಖದ ಇತರ ಬಣ್ಣದ ಮಾಹಿತಿ ಸೆನ್ಸರ್‌ಗೆ ತಲುಪಿಯೇ ಇರುವುದಿಲ್ಲ. ಇಲ್ಲದ್ದನ್ನು ಯಾವ ಸಾಫ್ಟ್‌ವೇರೂ ತಂದುಕೊಡದು. ಕಲೆಗಟ್ಟಿದ ಹಾಗೆ ಕಾಣುವುದನ್ನು ಮಾತ್ರ ಇಳಿಸಬಹುದು: ಕಲರ್ ಕ್ಯಾಲಿಬ್ರೇಶನ್‌ನ ಗ್ಯಾಮಟ್ ಕಂಪ್ರೆಶನ್ (ಅತಿ ಗಾಢ ಬಣ್ಣ ತಗ್ಗಿಸುವ ಸ್ಲೈಡರ್) ಏರಿಸಿ, 4.6ರಿಂದ ಇರುವ ಆರ್‌ಜಿಬಿ ಪ್ರೈಮರೀಸ್ ಮಾಡ್ಯೂಲ್‌ನಲ್ಲಿ ನೀಲಿಯ ಶುದ್ಧತೆ ಸ್ವಲ್ಪ ಇಳಿಸಿ. ಅದೂ ಸಾಲದಿದ್ದರೆ ಕಪ್ಪು-ಬಿಳುಪು. ವೇದಿಕೆಯ ಮೇಲೆ ಒಂದು ಸಣ್ಣ ಬೌನ್ಸ್ ಫ್ಲಾಶ್ ಇದಕ್ಕಿಂತ ಸಾವಿರ ಪಾಲು ವಾಸಿ.

---

ಜರಿಅಂಚು

ರೇಷ್ಮೆ ಸೀರೆಯ ವಿಷಯ ಯಾರೂ ಎತ್ತಲಿಲ್ಲ. ಹಳದಿ ದೀಪದಲ್ಲಿ ಕೆಂಪು, ರಾಣಿ ಬಣ್ಣದ ಸೀರೆ ತೆಗೆದರೆ ಕೆಂಪು ಚಾನೆಲ್ ಮಾತ್ರ ಕ್ಲಿಪ್ ಆಗುತ್ತದೆ. ಕ್ಯಾಮೆರಾದ ಒಟ್ಟು ಹಿಸ್ಟೋಗ್ರಾಂ ಸರಿ ಇದ್ದ ಹಾಗೇ ಕಾಣುತ್ತದೆ, ಸೀರೆಯ ನೆರಿಗೆ ಮಾತ್ರ ಮಾಯವಾಗಿ ಬಣ್ಣ ಬಳಿದ ಗೋಡೆಯಾಗಿರುತ್ತದೆ. ಕ್ಯಾಮೆರಾದಲ್ಲಿ ಆರ್‌ಜಿಬಿ ಹಿಸ್ಟೋಗ್ರಾಂ ಹಾಕಿಕೊಂಡು ಕೆಂಪನ್ನೇ ನೋಡಿ, -0.3ರಿಂದ -0.7 ಇವಿ ಇಳಿಸಿ ತೆಗೆಯಿರಿ.

ಡಾರ್ಕ್‌ರೂಮ್‌ನಲ್ಲಿ ಮೊದಲು ರಾ ಓವರ್‌ಎಕ್ಸ್‌ಪೋಸ್ಡ್ ಸೂಚಕ ಒತ್ತಿ. ಅದು ತೋರಿಸದೆ, ಸಾಮಾನ್ಯ ಕ್ಲಿಪಿಂಗ್ ಸೂಚಕ ಮಾತ್ರ ತೋರಿಸಿದರೆ ಮಾಹಿತಿ ಇದೆ, ನಿಮ್ಮ ಎಡಿಟಿಂಗ್‌ನಲ್ಲಿ ಬಣ್ಣ ಹೆಚ್ಚಾಗಿದೆ ಅಂತ ಅರ್ಥ. ಕಲರ್ ಬ್ಯಾಲೆನ್ಸ್ ಆರ್‌ಜಿಬಿಯ ಇನ್ನೊಂದು ಪ್ರತಿ ತೆರೆದು, ಪ್ಯಾರಾಮೆಟ್ರಿಕ್ ಮಾಸ್ಕ್‌ನಲ್ಲಿ (ಬಣ್ಣ ನೋಡಿ ಜಾಗ ಆರಿಸುವ ಮಾಸ್ಕ್) ಕೆಂಪಿನ ಹ್ಯೂ (ಬಣ್ಣದ ಛಾಯೆ) ಮಾತ್ರ ಹಿಡಿದು, ಹೈಲೈಟ್ಸ್ ಕ್ರೋಮಾವನ್ನು (ಬೆಳಕಿನ ಭಾಗದ ಬಣ್ಣದ ಗಾಢತೆ) 10ರಿಂದ 20% ಇಳಿಸಿದರೆ ನೆರಿಗೆ ವಾಪಸ್ಸು ಬರುತ್ತದೆ. ತುಟಿ, ಕುಂಕುಮ ಕೂಡ ಅದೇ ಹ್ಯೂನಲ್ಲಿ ಸಿಗುತ್ತವೆ, ಹಾಗಾಗಿ ಸೀರೆಯ ಸುತ್ತ ಡ್ರಾನ್ ಮಾಸ್ಕ್ ಕೂಡ ಸೇರಿಸಿ. ಜರಿಯ ಮೇಲೆ ಕಾಮನಬಿಲ್ಲಿನ ಪಟ್ಟೆ ಕಂಡರೆ ಡಿಮೊಸೈಕ್ ಮಾಡ್ಯೂಲ್‌ನಲ್ಲಿ ಕಲರ್ ಸ್ಮೂತಿಂಗ್ ಎರಡು ಸಲ ಕೊಟ್ಟು ನೋಡಿ.

---

ಹಿಸ್ಟೋಗ್ರಾಂ

ಪ್ರಿಂಟು ಕತ್ತಲು ಬರುವುದಕ್ಕೆ ಫೈಲಿನ ಮೇಲೆ ಅನುಮಾನ ಬೇಡ, ಲ್ಯಾಬಿನ ಮೇಲೂ ಮೊದಲೇ ಬೇಡ. ಪರದೆ ನೋಡಿ. ಮಾನಿಟರ್‌ಗಳು ಕಾರ್ಖಾನೆಯಿಂದ 250-300 ಕ್ಯಾಂಡೆಲಾದಷ್ಟು (ಪರದೆಯ ಬೆಳಕಿನ ಅಳತೆ, ಚದರ ಮೀಟರ್‌ಗೆ) ಬೆಳಕಿಗೆ ಹೊಂದಿಕೊಂಡು ಬರುತ್ತವೆ. ಆ ಬೆಳಕಿನಲ್ಲಿ ಮುಖ ಸರಿ ಕಾಣುವಂತೆ ತಿದ್ದಿದರೆ ಕಾಗದದ ಮೇಲೆ ಅದು ಕತ್ತಲಾಗಲೇಬೇಕು, ಕಾಗದ ತಾನಾಗಿ ಬೆಳಗುವುದಿಲ್ಲವಲ್ಲ.

ಒಂದು ಕಲರಿಮೀಟರ್ (ಪರದೆಯ ಬಣ್ಣ ಅಳೆಯುವ ಉಪಕರಣ) ಬೇಕೇ ಬೇಕು. ಕ್ಯಾಲಿಬ್ರೈಟ್ ಅಥವಾ ಸ್ಪೈಡರ್, ಎರಡರಲ್ಲಿ ಯಾವುದೇ ಕೊಳ್ಳುವ ಮುಂಚೆ ಆರ್ಗಿಲ್ ಸಿಎಂಎಸ್‌ನ (ಆ ಅಳತೆ ಮಾಡುವ ಉಚಿತ ಪ್ರೋಗ್ರಾಂ) ಬೆಂಬಲ ಪಟ್ಟಿಯಲ್ಲಿ ಆ ಮಾದರಿ ಇದೆಯಾ ನೋಡಿ. ಅದನ್ನು ಗುಂಡಿ ಒತ್ತಿ ನಡೆಸುವ ಕಿಟಕಿಗೆ ಡಿಸ್‌ಪ್ಲೇಕ್ಯಾಲ್. ಹಳೆಯದು ಪೈಥಾನ್ 2ರಲ್ಲಿತ್ತು, ಈಗ ಬಳಸಬೇಕಾದ್ದು ಪೈಥಾನ್ 3ರ ಮುಂದುವರಿಕೆ. ಪರದೆ 30 ನಿಮಿಷ ಬಿಸಿಯಾಗಲಿ. ಬಿಳುಪು 6500 ಕೆಲ್ವಿನ್, ಗಾಮಾ 2.2, ಬೆಳಕು 100 ಕ್ಯಾಂಡೆಲಾ. ಕೋಣೆ ಕತ್ತಲಿದ್ದರೆ 80. ನೈಟ್ ಲೈಟ್, ಸ್ವಯಂಚಾಲಿತ ಬ್ರೈಟ್‌ನೆಸ್, ಬ್ಯಾಟರಿ ಉಳಿಸುವ ಮಂಕು, ಎಲ್ಲ ಆಫ್. ನೈಟ್ ಲೈಟ್ ಆನ್ ಇಟ್ಟುಕೊಂಡು ಕ್ಯಾಲಿಬ್ರೇಟ್ ಮಾಡಿದರೆ ಆ ಪ್ರೊಫೈಲ್ ಕಸ. ಮುಗಿದ ಮೇಲೆ ಟರ್ಮಿನಲ್‌ನಲ್ಲಿ ಡಾರ್ಕ್‌ಟೇಬಲ್-ಸಿಎಂಎಸ್‌ಟೆಸ್ಟ್ ಓಡಿಸಿ, ಪ್ರೊಫೈಲು ನಿಜವಾಗಿ ಪರದೆಗೆ ಹತ್ತಿದೆಯೋ ಇಲ್ಲವೋ ಅದು ಹೇಳುತ್ತದೆ.

ಅಗ್ಗದ ಲ್ಯಾಪ್‌ಟಾಪ್ ಪ್ಯಾನೆಲ್‌ಗಳು ಎಸ್‌ಆರ್‌ಜಿಬಿಯ (ಸಾಮಾನ್ಯ ಪರದೆ, ಫೈಲುಗಳ ಮಾನಕ ಬಣ್ಣ ವ್ಯಾಪ್ತಿ) ಮೂರನೇ ಎರಡು ಭಾಗವನ್ನೂ ತೋರಿಸುವುದಿಲ್ಲ. ವಿವರದಲ್ಲಿ 45% ಎನ್‌ಟಿಎಸ್‌ಸಿ ಅಂತ ಬರೆದಿದ್ದರೆ ಅಂಥದ್ದೇ. ಅದಕ್ಕೆ ಕ್ಯಾಲಿಬ್ರೇಶನ್ ಮಾಡಿದರೂ ಕೆಂಪು ರೇಷ್ಮೆ ಕಾಣದು. ಹೊರಗಿನ ಐಪಿಎಸ್ ಮಾನಿಟರ್ ಒಂದು ಜೋಡಿಸಿ.

ಲ್ಯಾಬ್‌ಗೆ ಕಳಿಸುವಾಗ: ಬೇರೆ ಏನೂ ಕೇಳದಿದ್ದರೆ ಎಸ್‌ಆರ್‌ಜಿಬಿ, 8 ಬಿಟ್ ಜೆಪೆಗ್, ಗುಣಮಟ್ಟ 95. ಅಡೋಬಿ ಆರ್‌ಜಿಬಿ (ಇನ್ನೂ ಅಗಲದ ಬಣ್ಣ ವ್ಯಾಪ್ತಿ) ಕಳಿಸಿ, ಅಲ್ಲಿಯ ಯಂತ್ರ ಪ್ರೊಫೈಲ್ ಓದದೆ ಹೋದರೆ ಮುಖ ಮಂಕಾಗಿ ಬರುತ್ತದೆ. ಎಡಿಟಿಂಗ್ ತಪ್ಪು ಅಂತ ಅನ್ನಿಸುತ್ತದೆ, ಅಲ್ಲ. ಲ್ಯಾಬ್ ತನ್ನ ಕಾಗದದ ಐಸಿಸಿ ಪ್ರೊಫೈಲ್ ಕೊಟ್ಟರೆ ಡಾರ್ಕ್‌ರೂಮ್‌ನಲ್ಲಿ ಕಂಟ್ರೋಲ್ ಮತ್ತು ಎಸ್ ಒತ್ತಿ ಸಾಫ್ಟ್‌ಪ್ರೂಫ್ (ಆ ಕಾಗದದ ಮೇಲೆ ಹೇಗೆ ಬರುತ್ತದೆ ಅನ್ನುವ ಪೂರ್ವನೋಟ) ನೋಡಬಹುದು. ಪೂರ್ತಿ ಆಲ್ಬಂ ಕಳಿಸುವ ಮೊದಲು ಕಪ್ಪು ಕೋಟು, ಬಿಳಿ ಪಂಚೆ, ಕೆಂಪು ಸೀರೆ, ನಾಲ್ಕು ಬಗೆಯ ಮುಖ ಇರುವ ಒಂದು ಹಾಳೆ ಪ್ರಿಂಟ್ ಹಾಕಿಸಿ, ಕಿಟಕಿಯ ಪಕ್ಕ ನೇರ ಬಿಸಿಲು ಬೀಳದ ಕಡೆ ಇಟ್ಟು ಪರದೆಯ ಜೊತೆ ಹೋಲಿಸಿ. ವ್ಯತ್ಯಾಸ ಕಂಡರೆ ಪರದೆಯ ಬೆಳಕನ್ನು ಬದಲಿಸಿ, ಫೈಲನ್ನಲ್ಲ.

ನಾಯ್ಸ್ (ಕಡಿಮೆ ಬೆಳಕಿನ ಫೋಟೋದಲ್ಲಿ ಕಾಣುವ ಕಾಳುಕಾಳು) ಬಗ್ಗೆ ಒಂದು ಲೆಕ್ಕ. ಝಡ್6 II ಫೈಲಿನ ಅಗಲ 6048 ಪಿಕ್ಸೆಲ್. ಅದನ್ನು 36 ಇಂಚಿಗೆ ಹರಡಿದರೆ ಇಂಚಿಗೆ 168. ಆಲ್ಬಂ ಹಾಳೆ 300ರಲ್ಲಿ 10800×3600 ಪಿಕ್ಸೆಲ್ ಬೇಕು, ಅಂದರೆ ಎರಡೂ ಪುಟಕ್ಕೆ ಒಂದೇ ಫೋಟೋ ಹಾಕಿದರೆ ಹಿಗ್ಗಿಸಲೇಬೇಕು. 12 ಇಂಚು ಎತ್ತರದ ಒಂದು ಪುಟಕ್ಕೆ ಅಡ್ಡಿಯಿಲ್ಲ. ಐಎಸ್ಒ 6400ರ ಕಾಳನ್ನು ಪರದೆಯಲ್ಲಿ 100%ಗೆ ಹಿಗ್ಗಿಸಿ ನೋಡಿ ಗಾಬರಿಯಾಗಿ ಒರೆಸಿಹಾಕಿದರೆ ಚರ್ಮ ಪ್ಲಾಸ್ಟಿಕ್ ಆಗುತ್ತದೆ. ಡಿನಾಯ್ಸ್ ಪ್ರೊಫೈಲ್ಡ್‌ನ ಎರಡು ಪ್ರತಿ: ಒಂದು ವೇವ್ಲೆಟ್ಸ್, ಬ್ಲೆಂಡ್ ಮೋಡ್ ಕಲರ್, ಪೂರ್ಣ ಬಲ, ಇನ್ನೊಂದು ನಾನ್-ಲೋಕಲ್ ಮೀನ್ಸ್, ಬ್ಲೆಂಡ್ ಮೋಡ್ ಲೈಟ್‌ನೆಸ್, ಅಪಾಸಿಟಿ 40-50%. ಬಣ್ಣದ ಚುಕ್ಕೆ ಹೋಗಲಿ, ಬೂದುಕಾಳು ಉಳಿಯಲಿ.

---

ಹೊಸಬೆಳಕು

ಕೆನ್ನೆ ಅಳೆಯುವ ವಿಧಾನ ಕೆಲಸ ಮಾಡಿತು, ಧನ್ಯವಾದ. ಎರಡು ಹೊಸ ತಲೆನೋವು. ಡಿಫ್ಯೂಸ್ ಆರ್ ಶಾರ್ಪನ್ ಮಾಡ್ಯೂಲ್ ಹಾಕಿದ ಮೇಲೆ ಒಂದೊಂದು ಬದಲಾವಣೆಗೂ ಕಾಯಬೇಕು. ಮತ್ತೆ ಎಕ್ಸ್‌ಪೋರ್ಟ್ ಆದ ಜೆಪೆಗ್ ಡಾರ್ಕ್‌ರೂಮ್‌ನಲ್ಲಿ ಕಂಡ ಹಾಗಿಲ್ಲ, ಸ್ವಲ್ಪ ಮೃದು, ಬಣ್ಣವೂ ಬೇರೆ.

---

ಕತ್ತಲಕೋಣೆ

ಮೊದಲು ಕಾರ್ಡು ಕೆಲಸ ಮಾಡುತ್ತಿದೆಯಾ ಅಂತ ಡಾರ್ಕ್‌ಟೇಬಲ್-ಸಿಎಲ್‌ಟೆಸ್ಟ್ ಓಡಿಸಿ. ಎನ್‌ವಿಡಿಯಾದ ಸ್ವಂತ ಡ್ರೈವರ್ ಇಲ್ಲದೆ ಓಪನ್ ಸೋರ್ಸ್ ನೂವೋ ಡ್ರೈವರ್ ಇದ್ದರೆ ಓಪನ್‌ಸಿಎಲ್ (ಲೆಕ್ಕವನ್ನು ಕಾರ್ಡಿಗೆ ಕೊಡುವ ವ್ಯವಸ್ಥೆ) ಸಿಗುವುದಿಲ್ಲ, ಎಲ್ಲವೂ ಪ್ರೊಸೆಸರ್ ಮೇಲೆ ಬೀಳುತ್ತದೆ. ಫ್ಲಾಟ್‌ಪ್ಯಾಕ್‌ನಲ್ಲಿ ಡ್ರೈವರಿನ ಆವೃತ್ತಿಗೆ ಸರಿಹೊಂದುವ ಎನ್‌ವಿಡಿಯಾ ವಿಸ್ತರಣೆಯೂ ಇರಬೇಕು. ಸಿಸ್ಟಂ ಅಪ್‌ಡೇಟ್ ಆಗಿ ಅದು ಆಗದಿದ್ದರೆ ಸದ್ದಿಲ್ಲದೆ ಕೈಕೊಡುತ್ತದೆ. ಪ್ರಿಫರೆನ್ಸಸ್‌ನಲ್ಲಿ ರಿಸೋರ್ಸಸ್ ಲಾರ್ಜ್ ಮಾಡಿ. 4 ಜಿಬಿ ಕಾರ್ಡಿಗೆ ಝಡ್8ರ 45 ಮೆಗಾಪಿಕ್ಸೆಲ್ ಫೈಲು ಇಡಿಯಾಗಿ ಹಿಡಿಸುವುದಿಲ್ಲ, ತುಂಡು ತುಂಡು ಮಾಡಿ ಅರೆಯುತ್ತದೆ, ಅದಕ್ಕೇ ತಡ.

ಡಿಫ್ಯೂಸ್ ಆರ್ ಶಾರ್ಪನ್ ಸ್ವಭಾವತಃ ಭಾರ, ಒಂದೇ ಲೆಕ್ಕವನ್ನು ಮತ್ತೆ ಮತ್ತೆ ಮಾಡುತ್ತದೆ. ಎಡಿಟಿಂಗ್ ಹೊತ್ತಿನಲ್ಲಿ ಅದನ್ನು ಆಫ್ ಇಡಿ. ಅದೊಂದೇ ಇರುವ ಸ್ಟೈಲ್ ಮಾಡಿಟ್ಟುಕೊಂಡು ಎಕ್ಸ್‌ಪೋರ್ಟ್ ಫಲಕದ ಸ್ಟೈಲ್ ಜಾಗದಲ್ಲಿ ಆರಿಸಿ, ಮೋಡ್ ಅಪೆಂಡ್ ಕೊಡಿ. ಆಯ್ದ 250 ಫೋಟೋಗೂ ರಾತ್ರಿ ಹಚ್ಚಿಕೊಂಡು ಬರುತ್ತದೆ. ಅಪೆಂಡ್ ಬದಲು ರಿಪ್ಲೇಸ್ ಆರಿಸಿದರೆ ನಿಮ್ಮ ಎಡಿಟಿಂಗ್ ಬಿಟ್ಟು ಬರೀ ಶಾರ್ಪನಿಂಗ್ ಇರುವ ಫೋಟೋ ಬರುತ್ತದೆ, ನೋಡಿಕೊಂಡು ಒತ್ತಿ.

ಆಯ್ಕೆಯೂ ಲೈಟ್‌ಟೇಬಲ್‌ನ ಕಲಿಂಗ್ ಮೋಡ್‌ನಲ್ಲೇ ಆಗಲಿ: ಎಕ್ಸ್ ಒತ್ತಿದರೆ ಪಕ್ಕ ಪಕ್ಕ, ಡಬ್ಲ್ಯೂ ಒತ್ತಿ ಹಿಡಿದರೆ ಪೂರ್ಣ ಪರದೆ, ಆರ್ ತಿರಸ್ಕಾರ, ಅಂಕಿಗಳು ನಕ್ಷತ್ರ. ತಿರಸ್ಕೃತವಾದದ್ದನ್ನು ಡಾರ್ಕ್‌ರೂಮ್‌ಗೆ ತರಲೇಬೇಡಿ.

ಎಕ್ಸ್‌ಪೋರ್ಟ್ ವ್ಯತ್ಯಾಸಕ್ಕೆ ಎರಡು ಕಾರಣ. ಡಾರ್ಕ್‌ರೂಮ್ ಪರದೆಗೆ ಬೇಕಾದಷ್ಟೇ ಪಿಕ್ಸೆಲ್ ಇಟ್ಟುಕೊಂಡು ಲೆಕ್ಕ ಮಾಡುತ್ತದೆ, ಹಾಗಾಗಿ ನಾಯ್ಸ್ ಮತ್ತು ಶಾರ್ಪ್‌ನೆಸ್ ತೀರ್ಮಾನ 100%ನಲ್ಲಿ ಮಾತ್ರ ನಂಬಬಹುದು. ಎಕ್ಸ್‌ಪೋರ್ಟ್‌ನಲ್ಲಿ ಹೈ ಕ್ವಾಲಿಟಿ ರೀಸ್ಯಾಂಪ್ಲಿಂಗ್ ಆನ್ ಇರಲಿ. ಬಣ್ಣ ಬೇರೆ ಕಂಡರೆ ನೋಡುವ ಪ್ರೋಗ್ರಾಂ ಪರದೆಯ ಪ್ರೊಫೈಲ್ ಓದುತ್ತಿಲ್ಲ. ಅದೇ ಜೆಪೆಗನ್ನು ಮತ್ತೆ ಡಾರ್ಕ್‌ಟೇಬಲ್‌ಗೇ ತಂದು ರಾ ಪಕ್ಕ ಇಟ್ಟು ನೋಡಿ. ಒಂದೇ ತರ ಇದ್ದರೆ ಫೈಲ್ ಸರಿಯಿದೆ.

---

ಒತ್ತಕ್ಷರ

ಐದನೇ ಪ್ರಶ್ನೆ ಹಾಗೇ ಉಳಿದಿದೆ. ಗಿಂಪ್ 3.0 (2025ರ ಮಾರ್ಚ್) ಹಾಕಿಕೊಳ್ಳಿ. ಅದರಲ್ಲಿ ಫಿಲ್ಟರ್ ಹಚ್ಚಿದ ಮೇಲೂ ಬದಲಿಸಬಹುದು, 2.10ರಲ್ಲಿ ಅದಿರಲಿಲ್ಲ. ಪಿಎಸ್‌ಡಿಯ ಸಾಮಾನ್ಯ ಲೇಯರ್, ಮಾಸ್ಕ್, ಗುಂಪು ಬರುತ್ತವೆ. ಸ್ಮಾರ್ಟ್ ಆಬ್ಜೆಕ್ಟ್ (ಒಳಗಿನ ಫೋಟೋ ಬದಲಿಸಬಹುದಾದ ಲೇಯರ್) ಬರಿಯ ಪಿಕ್ಸೆಲ್ ಆಗಿ ಬರುತ್ತದೆ. ಫೋಟೋ ಎಸೆದರೆ ತಾನೇ ಕೂರುವ ಟೆಂಪ್ಲೇಟುಗಳ ಜೀವ ಅದರಲ್ಲೇ ಇರುವುದರಿಂದ ಅವು ನಿರುಪಯೋಗ. ಹಳೆ ಪಿಎಸ್‌ಡಿ ರಾಶಿಯನ್ನು ಎಳೆದಾಡುವುದಕ್ಕಿಂತ ಸ್ಕ್ರೈಬಸ್‌ನಲ್ಲಿ (ಪುಟ ವಿನ್ಯಾಸದ ಉಚಿತ ಪ್ರೋಗ್ರಾಂ) 36×12 ಇಂಚಿನ ಪುಟ ಮಾಡಿ, ಮಾಸ್ಟರ್ ಪೇಜ್‌ಗೆ ಹಿನ್ನೆಲೆ ಹಾಕಿ, ಇಮೇಜ್ ಫ್ರೇಮ್‌ಗಳಿಗೆ ಫೋಟೋ ತುಂಬುವುದು ಬೇಗ. ಮಧ್ಯದ ಮಡಿಕೆಯ ಎರಡೂ ಬದಿ ಅರ್ಧ ಇಂಚು ಮುಖ ಬರದಂತೆ ಗೈಡ್ ಎಳೆದಿಡಿ. ಕೊನೆಗೆ 300 ಡಿಪಿಐನಲ್ಲಿ ಚಿತ್ರವಾಗಿ ಎಕ್ಸ್‌ಪೋರ್ಟ್.

ಕನ್ನಡಕ್ಕೆ ಸ್ಕ್ರೈಬಸ್ 1.6 ಇರಲಿ. 1.4 ಸರಣಿಯಲ್ಲಿ ಒತ್ತಕ್ಷರ, ಅರ್ಕಾವತ್ತು ಒಡೆದು ಚೆಲ್ಲಾಪಿಲ್ಲಿಯಾಗುತ್ತಿತ್ತು. ಗಿಂಪ್‌ನಲ್ಲಿ ಯೂನಿಕೋಡ್ ಫಾಂಟ್‌ಗಳು, ನೋಟೊ ಸಾನ್ಸ್ ಕನ್ನಡ, ಲೋಹಿತ್, ಗುಬ್ಬಿ, ನವಿಲು, ಬಾಲೂ ತಮ್ಮ, ಎಲ್ಲ ಸರಿಯಾಗಿ ಮೂಡುತ್ತವೆ. ಆಮಂತ್ರಣ ಪತ್ರಿಕೆಯವರು ಕೊಟ್ಟ ಪಠ್ಯ ಹಳೆಯ ನುಡಿ ಅಥವಾ ಬರಹದ ಆಸ್ಕಿ ಎನ್‌ಕೋಡಿಂಗ್‌ನಲ್ಲಿದ್ದರೆ ಅಂಟಿಸಿದಾಗ ಇಂಗ್ಲಿಷ್ ಅಕ್ಷರಗಳ ಕಿಚಡಿ ಬರುತ್ತದೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಹೆಸರುಗಳನ್ನು ಒಂದೊಂದಾಗಿ ಓದಿ ನೋಡಿ. ಪರಿವರ್ತಕಗಳು ಎಡವುವುದು ಅರ್ಕಾವತ್ತಿನಲ್ಲೇ. ಅಕ್ಷರಗಳ ನಡುವಿನ ಅಂತರ ಹಿಗ್ಗಿಸುವ ಸ್ಲೈಡರ್ ಕನ್ನಡಕ್ಕೆ ಬಳಸಬೇಡಿ, ಗುಣಿತದ ಚಿಹ್ನೆಗಳು ಮೂಲ ಅಕ್ಷರದಿಂದ ಕಳಚಿಕೊಳ್ಳಬಹುದು.

ಡಾರ್ಕ್‌ಟೇಬಲ್‌ನಿಂದ ಗಿಂಪ್‌ಗೆ ಹೋಗುವುದು ಮುಖದ ಹೆಚ್ಚಿನ ರಿಟಚ್‌ಗೆ ಮಾತ್ರ, ಅದೂ 16 ಬಿಟ್ ಟಿಫ್ ಆಗಿ. ಮೊಡವೆ, ಸಣ್ಣ ಕಲೆಗೆ ಡಾರ್ಕ್‌ಟೇಬಲ್‌ನ ರಿಟಚ್ ಮಾಡ್ಯೂಲೇ ಸಾಕು.

---

ಪಿಪಿ3

ಕೊನೆಗೆ ಒಂದು, ಇದನ್ನು ಯಾರೂ ಹೇಳದೆ ಬಿಟ್ಟಿದ್ದಾರೆ. ಎಡಿಟಿಂಗ್ ಎಲ್ಲ ಇರುವುದು ರಾ ಫೈಲಿನ ಪಕ್ಕದಲ್ಲಿರುವ ಪುಟ್ಟ ಎಕ್ಸ್‌ಎಂಪಿ ಫೈಲಿನಲ್ಲಿ (ರಾಥೆರಪಿಯಲ್ಲಿ ಪಿಪಿ3) ಮತ್ತು ಡೇಟಾಬೇಸಿನಲ್ಲಿ. ಫೈಲ್ ಮ್ಯಾನೇಜರ್‌ನಲ್ಲಿ ರಾ ಫೈಲಿನ ಹೆಸರು ಬದಲಿಸಿದರೆ ಎಕ್ಸ್‌ಎಂಪಿ ಅನಾಥ, ಫೋಲ್ಡರ್ ಸರಿಸಿದರೆ ಡಾರ್ಕ್‌ಟೇಬಲ್ ಎಲ್ಲ ಫೋಟೋಗೂ ತಲೆಬುರುಡೆ ತೋರಿಸುತ್ತದೆ. ಹೆಸರಿಡುವುದು ಕಾರ್ಡಿನಿಂದ ಇಳಿಸುವಾಗಲೇ ಮುಗಿಯಲಿ, ರ್‍ಯಾಪಿಡ್ ಫೋಟೋ ಡೌನ್‌ಲೋಡರ್ ಅದಕ್ಕೇ ಇದೆ. ಸರಿಸುವುದಿದ್ದರೆ ಲೈಟ್‌ಟೇಬಲ್ ಒಳಗಿನಿಂದ ಮೂವ್ ಕೊಡಿ. ಈಗಾಗಲೇ ಸರಿಸಿ ಆಗಿದ್ದರೆ ಕಲೆಕ್ಷನ್ಸ್ ಪಟ್ಟಿಯಲ್ಲಿ ಆ ಫಿಲ್ಮ್‌ರೋಲ್ (ಫೋಲ್ಡರ್) ಮೇಲೆ ಬಲಗುಂಡಿ ಒತ್ತಿ ಹೊಸ ಜಾಗ ತೋರಿಸಬಹುದು. ಬ್ಯಾಕಪ್‌ಗೆ ರಾ ಮಾತ್ರ ನಕಲು ಮಾಡುವ ಸ್ಕ್ರಿಪ್ಟ್ ಇದ್ದರೆ ಇವತ್ತೇ ತಿದ್ದಿ, ಎಕ್ಸ್‌ಎಂಪಿಯೂ ಹೋಗಲಿ. ಡಿಜಿಕ್ಯಾಮ್ (ಫೋಟೋ ಜೋಡಿಸಿಡುವ ಇನ್ನೊಂದು ಪ್ರೋಗ್ರಾಂ) ಕೂಡ ಅದೇ ಹೆಸರಿನ ಎಕ್ಸ್‌ಎಂಪಿಗೆ ಬರೆಯಬಲ್ಲದು. ಎರಡನ್ನೂ ಒಟ್ಟಿಗೆ ತೆರೆದಿಟ್ಟು ನಕ್ಷತ್ರ ಕೊಡುತ್ತಾ ಕೂರಬೇಡಿ.